ಎಂಟನೆಯ ಸ್ಪ್ರಿಂಗು

ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಆಕೆ ಅತ್ತಿಗೆ. ನಿಜವಾದ ಅತ್ತಿಗೆ ಮಾಲೀಕನೊಬ್ಬನಿಗೇ. ಉಳಿದವರು ಆ ಸಂಬಂಧವನ್ನು ಪುಕ್ಕಟೆಯಾಗಿ ಅಂಟಿಸಿಕೊಂಡವರು. ಆರು ವರ್ಷದಿಂದ ಆಕೆಯ ಪಾಲಿಗೆ ಬಂದದ್ದು ಸೀಮೆಎಣ್ಣೆಯಲ್ಲಿ ವಾಲ್ವುಗಳನ್ನು ತಿಕ್ಕಿ ತೊಳೆಯುವ ಕೆಲಸ. ಆಕೆಯ ಕಣ್ಣೆಲ್ಲ ಕಿಟಕಿ ಪಕ್ಕದ ಮೇಜಿನ ಮೇಲೆ. ವಾಲ್ವು, ಸ್ಪ್ರಿಂಗು ಕೂರಿಸಿ ಇಂಜಿನ್ನಿನ ಹೆಡ್ ಜೋಡಿಸುವುದು ಅಲ್ಲಿ. ಮಾಲೀಕನಾದ ಮೈದುನ ಮಾತ್ರ ಆ ಮೇಜಿನ ಹತ್ತಿರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶಾಲೆಯ ವ್ಯಾನೊಂದು ಬಂತು. ಏರು ರಸ್ತೆಯಲ್ಲಿ ಇಂಜಿನ್ ಜೋರಾಗಿ ತಿರುಗಿದರೆ ಸಾಕು, ಶಕ್ತಿ ಉಡುಗಿ ಟಕಟಕ ಸದ್ದು. ಮೈದುನ ಹೆಡ್ ಬಿಚ್ಚಿದ. ಎಂಟು ವಾಲ್ವ್ ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ, "ಎಲ್ಲಾ ಒಂದೇ ಎತ್ತರ. ಸ್ಪ್ರಿಂಗಲ್ಲಿ ಏನೂ ದೋಷ ಇಲ್ಲ" ಎಂದು ತೀರ್ಪು ಕೊಟ್ಟ.

"ಎತ್ತರ ನೋಡಿದ್ರೆ ಏನ್ ಬಂತು? ಅದುಮಿ ನೋಡ್ಬೇಕಪ್ಪ" ಎಂದಳು ಅತ್ತಿಗೆ.

ಮನೆಯಿಂದ ಮೈತೂಕ ನೋಡುವ ತಕ್ಕಡಿ ತಂದು ಡ್ರಿಲ್ಲಿಂಗ್ ಮೆಷಿನ್ನಿನ ಕೆಳಗಿಟ್ಟಳು. ಸ್ಪ್ರಿಂಗುಗಳನ್ನು ಒಂದೊಂದಾಗಿ ಅದರ ಮೇಲೆ ನಿಲ್ಲಿಸಿ, ಎಲ್ಲವನ್ನೂ ಒಂದೇ ಅಳತೆಗೆ ಅದುಮಿ, ಮುಳ್ಳು ಓದಿದಳು. ಆರು ಸ್ಪ್ರಿಂಗು ಮೂವತ್ತು ಕಿಲೋ ತೋರಿಸಿದವು. ಎರಡು ಇಪ್ಪತ್ತೆರಡಕ್ಕೇ ಸುಸ್ತು. ಸೋತ ಸ್ಪ್ರಿಂಗು ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದಾದರೂ ಹೇಗೆ!

ಮೈದುನ ತಲೆ ಕೆರೆದುಕೊಂಡ. "ಹೊಸ ಸೆಟ್ ತರಿಸ್ತೀನಿ. ಈ ಹೆಡ್ ನೀವೇ ಜೋಡ್ಸಿ ಅತ್ತಿಗೆ. ಸರಿಯಾಗಿ ಬಂದ್ರೆ ಈ ಮೇಜು ನಿಮ್ದೇ."

ಆಕೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ನುಣ್ಣಗೆ ತಿರುಗಿತು. ಡ್ರೈವರ್ ಹಲ್ಲು ಕಿರಿಯುತ್ತ ಸೀಟು ಹತ್ತಿದ.

ಕೈ ತೊಳೆಯುತ್ತಿದ್ದ ಅತ್ತಿಗೆ ಆಗ ಏನೋ ಹೊಳೆದಂತಾಗಿ ನಲ್ಲಿ ನಿಲ್ಲಿಸಿದಳು. ಹೊಸ ಸ್ಪ್ರಿಂಗುಗಳ ಸುತ್ತು ಒಂದು ತುದಿಯಲ್ಲಿ ಒತ್ತಾಗಿರುತ್ತದೆ. ಆ ತುದಿ ಕೆಳಗೆ ಬರಬೇಕು, ಇಲ್ಲದಿದ್ದರೆ ಇಂಜಿನ್ ಜೋರಾಗಿ ತಿರುಗುವಾಗ ಸ್ಪ್ರಿಂಗು ಮುರಿದು ವ್ಯಾನು ನಡುದಾರಿಯಲ್ಲೇ ಕೆಟ್ಟು ನಿಲ್ಲಬಹುದು. ಎಂಟನೆಯದನ್ನು ಕೂರಿಸುವಾಗಲೇ ಡ್ರೈವರ್ "ಆಯ್ತಾ ಅಕ್ಕಾ?" ಎಂದು ಕೂಗಿದ್ದ, ಆಕೆ ತಿರುಗಿ ಉತ್ತರ ಕೊಟ್ಟಿದ್ದಳು. ಯಾವ ತುದಿ ಕೆಳಗಿಟ್ಟೆ? ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ಸುಮ್ಮನಿದ್ದರೆ ಮೇಜು ತನ್ನದು. ಆದರೆ ವ್ಯಾನು ಹತ್ತುವವರು ಮಕ್ಕಳು.

"ನಿಲ್ಲಿಸಪ್ಪಾ!" ಎಂದು ಕೂಗಿ ಓಡಿದಳು.

ಮೇಲಿನ ಮುಚ್ಚಳ ತೆಗೆದು ನೋಡಿದರೆ ಎಂಟನೆಯದು ತಲೆಕೆಳಗಾಗಿಯೇ ಕೂತಿತ್ತು. ಹೆಡ್ ಮತ್ತೆ ಇಳಿಯಿತು, ಅರ್ಧ ದಿನದ ಕೆಲಸ ನೀರುಪಾಲಾಯಿತು, ಡ್ರೈವರ್ ಗೊಣಗುತ್ತ ಬೆಂಚಿನ ಮೇಲೆ ಕೂತ. ಅತ್ತಿಗೆ ನಟ್ಟು ತಿರುಗಿಸುವ ಪಾನಾವನ್ನು ಮೇಜಿನ ಮೇಲಿಟ್ಟಳು. "ಮೇಜಿನ ಮಾತು ಬಿಟ್ಬಿಡು" ಎಂದಳು.

ಮೈದುನ ಪಾನಾ ಒರೆಸಿ ಆಕೆಯ ಕೈಗಿತ್ತ.

"ನಾನಾಗಿದ್ರೆ ಬಾಯಿ ಬಿಡ್ತಿರ್ಲಿಲ್ಲ ಅತ್ತಿಗೆ. ವ್ಯಾನ್ ಹೊರಟೇಹೋಗ್ತಿತ್ತು. ಅದಕ್ಕೇ ಹೇಳ್ತಿದೀನಿ, ಈ ಮೇಜಿನ ಮುಂದೆ ಕೂತ್ಕೊಳ್ಳಿ."