ಕಾರಿನ ಪರದೆಯ ಸಾಕ್ಷಿ

ಬೇರೆಯವರ ಕಾರು ಹತ್ತಿದರೆ ನಾನು ಫೋನನ್ನು ಚಾರ್ಜಿಗೆ ಹಾಕುವುದಿಲ್ಲ. "ನಿಮ್ದು ಅನುಮಾನದ ರೋಗ" ಎನ್ನುತ್ತಾಳೆ ಹೆಂಡತಿ. ಕಸುಬಿನಿಂದ ಬಂದ ರೋಗ ಅದು. ಕಾರಿನೊಳಗಿನ ಪರದೆಯನ್ನು ಬಿಚ್ಚಿ, ಅದು ನೆನಪಿಟ್ಟುಕೊಂಡದ್ದನ್ನು ಪೊಲೀಸರಿಗೆ, ವಕೀಲರಿಗೆ ಓದಿ ಹೇಳುವುದು ತಮಿಳುನಾಡಿನ ದಿಂಡಿಗಲ್ಲಿನಲ್ಲಿ ನನ್ನ ಕೆಲಸ. ಹಾಡು ಕೇಳುವುದಕ್ಕೆ, ದಾರಿ ನೋಡುವುದಕ್ಕೆ ಇರುವ ವಸ್ತು ಎಂದು ಜನ ನಂಬಿದ್ದಾರೆ. ಕಾರು ಎಲ್ಲಿ ನಿಂತಿತು, ಬಾಗಿಲು ಯಾವಾಗ ತೆರೆಯಿತು ಎಂಬುದನ್ನೂ ಕೆಲವು ಪರದೆಗಳು ಬರೆದಿಟ್ಟುಕೊಳ್ಳುತ್ತವೆ; ಚಾರ್ಜಿಗೆ ಸಿಕ್ಕಿಸಿದ ಫೋನಿನೊಳಗಿನದನ್ನೂ ಎತ್ತಿಟ್ಟುಕೊಳ್ಳುತ್ತವೆ. ಮನುಷ್ಯನ ನಡತೆಗೆ ಸೂರ್ಯ, ಚಂದ್ರ, ಗಾಳಿ, ಬೆಂಕಿ ಸಾಕ್ಷಿ ಎನ್ನುತ್ತಿದ್ದರು ಹಿರಿಯರು. ಆ ಸಾಲಿಗೆ ನಾನು ಇದನ್ನೂ ಸೇರಿಸಿಕೊಂಡಿದ್ದೇನೆ.

ಒಮ್ಮೆ ಗೂಡಲೂರಿನ ದ್ರಾಕ್ಷಿ ಬೆಳೆಗಾರ ಗೋಪಾಲಸಾಮಿಯ ಕಾರು ಬಂತು. ಒಂದು ಸಂಜೆ ವೇದಸಂದೂರಿನ ಬಳಿ ಬೈಕಿನವನೊಬ್ಬನಿಗೆ ಗುದ್ದಿ ಓಡಿಹೋದ ಬಿಳಿ ಕಾರು ಇದೇ ಎಂದು ಯಾರೋ ಹೇಳಿದ್ದರು. "ನಾನು ಅಲ್ಲಿಗೆ ಹೋಗೇ ಇಲ್ಲ" ಎಂದಷ್ಟೇ ಅವರ ಉತ್ತರ. ಎಲ್ಲಿದ್ದರೆಂದು ಮಾತ್ರ ವಕೀಲರಿಗೂ ಹೇಳಲಿಲ್ಲ.

ಪರದೆ ಹೇಳಿತು. ಆ ಸಂಜೆ ಕಾರು ವೇದಸಂದೂರಿನಿಂದ ಬಹುದೂರದ ಮಾರ್ಕಯನ್‌ಕೋಟ್ಟೈಯ ಒಂದು ಬೀದಿಯಲ್ಲಿ ಬಹಳ ಹೊತ್ತು ನಿಂತಿತ್ತು. ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ. ಆಮೇಲೆ ನೇರ ಗೂಡಲೂರಿಗೆ ಮರಳಿತ್ತು.

ಗೋಪಾಲಸಾಮಿಗೆ ಖುಷಿಯಿಂದ ಹೇಳಿದೆ. ಅವರ ಮುಖ ಇಳಿದುಹೋಯಿತು. ನಾನೂ ಮನೆಯಲ್ಲಿ ಕನ್ನಡ ಆಡುವವನೆಂದು ತಿಳಿದಿದ್ದರಿಂದ ತಮಿಳು ಬಿಟ್ಟು ಮಾತಾಡಿದರು.

"ಅದು ನಮ್ಮಕ್ಕನ ಮನೆ, ತಂಬಿ. ಬಾವಿ ನೀರಿನ ಜಗಳ್ದಲಿ ಮಾತು ಬಿಟ್ಟು ಬಾಳ ವರ್ಸ ಆಯ್ತು. ನೋಡ್ಬೇಕು ಅನ್ನಿಸ್ತು, ಹೋದೆ. ಜಗಲಿ ಮ್ಯಾಲೆ ಕುಂತಿದ್ಲು. ಇಳಿಯಾಕೆ ಆಗ್ಲಿಲ್ಲ." ಪರದೆಯತ್ತ ಕೈ ತೋರಿಸಿ ಕೇಳಿದರು: "ಅದೊಂದು ಬರೀದೆ ಬಿಡಾಕೆ ಆಗ್ತದಾ?"

"ಅದೊಂದೇ ಅಣ್ಣಾ ನಿಮ್ಮನ್ನ ಉಳಿಸೋದು."

ಯಂತ್ರದ ಜೊತೆಗೆ ಮನುಷ್ಯರ ಸಾಕ್ಷಿಯೂ ಇರಲಿ ಎಂದು ವಕೀಲರು ಅಕ್ಕನನ್ನು ಕರೆಸಿದರು. ನಾನು ಎಲ್ಲವನ್ನೂ ವಿವರಿಸಲು ಹೊರಟೆ. ಆಕೆ ತಡೆದರು.

"ಕಾರು ನಾನೂ ನೋಡ್ದೆ, ತಂಬಿ. ಇವ್ನು ಇಳೀಲಿ ಅಂತ ನಾನು ಕುಂತೆ. ನಾನು ಕೂಗ್ಲಿ ಅಂತ ಇವ್ನು ಕುಂತ."

ನನ್ನ ವರದಿಯಲ್ಲಿ ಬಾಗಿಲು ತೆರೆಯಲಿಲ್ಲ ಎಂದಿತ್ತು, ಅಷ್ಟೆ. ಜಗಲಿಯ ಮೇಲೆ ನಡೆದದ್ದು ಕಾರಿಗೆ ಗೊತ್ತಿರಲಿಲ್ಲ; ಕಾರನ್ನು ನಂಬಿದ ನನಗೂ ಗೊತ್ತಿರಲಿಲ್ಲ.

ಆರೋಪ ಬಿದ್ದುಹೋಯಿತು. ಕಾರು ಒಯ್ಯಲು ಇಬ್ಬರೂ ಬಂದರು. ಅಕ್ಕ ಮುಂದಿನ ಸೀಟಿನಲ್ಲಿ ಕೂತೊಡನೆ ಕಾರು ಒಂದೇ ಸಮನೆ ಕಿಣಿಕಿಣಿ ಎನ್ನತೊಡಗಿತು.

"ಇದ್ಯಾಕೆ ಕೂಗ್ತದೆ?"

"ಬೆಲ್ಟು ಹಾಕ್ಕೋ ಅಂತದೆ, ಅಕ್ಕಾ" ಎಂದರು ಗೋಪಾಲಸಾಮಿ.

"ಅವತ್ತು ಎಲ್ಲಿ ಹೋಗಿತ್ತು ಇದ್ರ ಬಾಯಿ?" ಎಂದರು ಆಕೆ. ತಮ್ಮನೇ ಬಾಗಿ ಬೆಲ್ಟು ಎಳೆದು ಸಿಕ್ಕಿಸುವವರೆಗೂ ಕೈ ಆಡಿಸದೆ ಕೂತಿದ್ದರು.