ಮೀಸೆ ಮಣ್ಣಾಗದ ವಸ್ತಾದ

ಅವನ ಎಡಗಿವಿಯ ತೂತು ಮುಚ್ಚಿಹೋಗಿತ್ತು. ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿಸಿಕೊಂಡು, ರಕ್ತ ಹೆಪ್ಪುಗಟ್ಟಿ, ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿ, ಕಿವಿ ಸುಟ್ಟ ಬದನೆಕಾಯಿಯ ತೊಟ್ಟಿನ ಹಾಗೆ ಗಂಟಾಗಿತ್ತು. ಫೋನ್ ಬಂದರೆ ಎಡಗೈಯಲ್ಲೇ ಎತ್ತಿ, ರಿಸೀವರನ್ನು ದವಡೆಯ ಮೂಳೆಗೆ ಒತ್ತಿ ಹಿಡಿಯುತ್ತಿದ್ದ. ಎಡಗಡೆ ಕೂತು ಮಾತಾಡಿದರೆ ಅವನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತಿತ್ತು. ಅದು ಕಿವಿಯ ದೋಷವಲ್ಲ, ಮನುಷ್ಯನ ದೋಷ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡುತ್ತೇನೆ. ಅವನು ಬದುಕಿದ್ದಷ್ಟು ಕಾಲ ‘ವಸ್ತಾದರೇ’ ಎಂದು ಗೌರವದಿಂದ ಕರೆದದ್ದು ಸಾಕು, ಇಲ್ಲಿ ಏಕವಚನವೇ ಇರಲಿ. ವಸ್ತಾದ ಎಂದರೆ ಗರಡಿಯಲ್ಲಿ ಕುಸ್ತಿ ಕಲಿಸುವ ಗುರು. ನನಗೆ ಇಬ್ಬರು ಗುರುಗಳು. ಒಬ್ಬರು ಮೈಸೂರಿನ ಗರಡಿಯವರು, ಮುಂದೆ ನನಗೆ ಮಗಳನ್ನು ಕೊಟ್ಟು ಮಾವನಾದವರು. ಇನ್ನೊಬ್ಬ ಇವನು.

ಅರವತ್ತರ ದಶಕದ ಕೊನೆ. ನಾನು ಡೆಟ್ರಾಯಿಟ್‌ನಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿ, ಪ್ಲಿಮತ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತಿದ್ದೆ. ಆಗ ಇಲ್ಲಿದ್ದ ಕನ್ನಡದವರು ಒಂದು ಮನೆಯ ಹಾಲಿನಲ್ಲಿ ಹಿಡಿಸುವಷ್ಟು. ಯುಗಾದಿಗೆ ಎಲ್ಲರೂ, ಈಗ ಫಾರ್ಮಿಂಗ್ಟನ್ ಹಿಲ್ಸ್ ಅನ್ನುವ ಕಡೆ ಮನೆ ಮಾಡಿದ್ದ ಡಾಕ್ಟರ ಮನೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಸೋಫಾದ ತುಂಬ ಒಬ್ಬನೇ ಕೂತು, ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ದಪ್ಪ ಮೀಸೆಯ ಮನುಷ್ಯ ನನ್ನ ಕೈ ಕುಲುಕಿದವನು ಬಿಡಲೇ ಇಲ್ಲ. ಮುಂಗೈಯನ್ನು ಒತ್ತಿ ನೋಡಿದ.

“ಯಾ ಗರಡಿಯಾಂವ ತಮ್ಮಾ ನೀ?” ಅಂದ.

ನಾಲ್ಕು ವರ್ಷದಿಂದ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮೋಸ ಹೋಗುವವನಿಗೆ ಅಷ್ಟು ಸಾಕಲ್ಲ.

ಅವನು ಹುಬ್ಬಳ್ಳಿ ಕಡೆಯವನು. ಸರ್ಕಸ್ಸಿನ ಜೊತೆ ದೇಶ ಬಿಟ್ಟು, ಕೆನಡಾದಲ್ಲಿ ಕುಸ್ತಿ ಆಡಿ, ಕೊನೆಗೆ ಡೆಟ್ರಾಯಿಟ್‌ನ ಪೂರ್ವಕ್ಕೆ ಒಂದು ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ರಿಂಗ್ ಹಾಕಿಕೊಂಡು ಕೂತಿದ್ದ. ಹೊಸಬರನ್ನು ತಯಾರು ಮಾಡಿ, ಡೆಟ್ರಾಯಿಟ್‌ಗೂ ಶಿಕಾಗೊಗೂ ನಡುವಿನ ಸಣ್ಣ ಊರುಗಳಲ್ಲಿ ಪಂದ್ಯ ಆಡಿಸುವುದು ಅವನ ಕಸುಬು. ಶಾಲೆಯ ಜಿಮ್, ಯೂನಿಯನ್ ಹಾಲ್, ಎಲ್ಲಿ ಕುರ್ಚಿ ಹಾಕಲು ಬಿಟ್ಟರೆ ಅಲ್ಲಿ. ಅಲ್ಲಿ ಮೇಲೆ ಬಂದವನನ್ನು ಶಿಕಾಗೊದ ದೊಡ್ಡ ಕಂಪನಿಯವರು ಕರೆಸಿಕೊಳ್ಳುತ್ತಿದ್ದರು. ರಿಂಗಿನಲ್ಲಿ ಅವನ ವೇಷ ಮಹಾರಾಜನದು: ಜರಿ ಪೇಟ, ಕೈಯಲ್ಲಿ ಬಣ್ಣ ಬಳಿದ ರಾಜದಂಡ. ಜನ ಅವನಿಗೆ ಕಡಲೆಕಾಯಿ ಸಿಪ್ಪೆ ಎಸೆದು ಬೈಯುತ್ತಿದ್ದರು. ಅವನು ಸಿಪ್ಪೆ ಒದರಿಕೊಂಡು ನಗುತ್ತಿದ್ದ.

ಶನಿವಾರ, ಭಾನುವಾರ ನನ್ನನ್ನು ಆ ಶೆಡ್ಡಿನಲ್ಲಿ ಅರೆದುಬಿಟ್ಟ. ಮೊದಲ ತಿಂಗಳೆಲ್ಲ ಬೀಳುವುದೇ. ಹಿಂದಕ್ಕೆ ಬೀಳು, ಎರಡೂ ಅಂಗೈಯಿಂದ ನೆಲ ಬಡಿ, ಗದ್ದ ಎದೆಗೆ ಒತ್ತು. “ಬಿದ್ದಾಗ ಸಪ್ಪಳ ನೆಲದ್ದು ಬರಬೇಕು, ನಿಂದು ಬರಬಾರ್ದು” ಅನ್ನುವುದು ಅವನ ಮಾತು. ಎಂಬತ್ತರ ಹತ್ತಿರದ ಈ ವಯಸ್ಸಿನಲ್ಲೂ ಡ್ರೈವ್‌ವೇಯ ಮಂಜಿನ ಮೇಲೆ ಜಾರಿದಾಗ ಸೊಂಟ ಮುರಿದುಕೊಂಡಿಲ್ಲವೆಂದರೆ ಅದು ಅವನು ಕಲಿಸಿದ್ದು. ಈ ಒಂದು ಋಣ ಒಪ್ಪುತ್ತೇನೆ. ಬೇರೆ ಯಾವುದೂ ಇಲ್ಲ.

ಅವನು ಹೇಳಿಕೊಡದೇ ಇದ್ದದ್ದು ಒಂದೇ. ಆ ಕುಸ್ತಿಯಲ್ಲಿ ಸೋಲು ಗೆಲುವು ಮೊದಲೇ ತೀರ್ಮಾನವಾಗಿರುತ್ತದೆ. ಹೊಸಬರಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ, ಅದು ಆ ಕಸುಬಿನ ರೀತಿಯಂತೆ. ಇರಬಹುದು. ಆದರೆ ಕನ್ನಡದಲ್ಲಿ ‘ತಮ್ಮಾ’ ಅಂದವನು, ನನ್ನ ಅನ್ನ ಉಂಡವನು, ಕಿವಿಯಲ್ಲಿ ಒಂದು ಮಾತು ಹೇಳಬಾರದಿತ್ತೇ?

ಮೊದಲ ಪಂದ್ಯ ಶಿಕಾಗೊ ಪಕ್ಕದ ಗ್ಯಾರಿಯಲ್ಲಿ, ಉಕ್ಕಿನ ಕಾರ್ಖಾನೆಯವರ ಹಾಲಿನಲ್ಲಿ. ಎದುರಾಳಿ ಕೆಂಚು ಕೂದಲಿನ ದೈತ್ಯ. ನನಗೆ ಅದು ನಿಜವಾದ ಕುಸ್ತಿ. ಅವನ ತೋಳು ಸಿಕ್ಕಿದ್ದೇ ತಡ, ಹೆಗಲ ಮೇಲಿಂದ ಧೋಬಿ ಪಟ್ಟು ಹಾಕಿ ಅಂಗಾತ ಕೆಡವಿದೆ. ನಮ್ಮಲ್ಲಿ ಬೆನ್ನು ಮಣ್ಣು ಮುಟ್ಟಿದರೆ ಮುಗಿಯಿತು, ಎಣಿಕೆ ಗಿಣಿಕೆ ಇಲ್ಲ. ಹಿಡಿತ ಬಿಟ್ಟು ಎದ್ದು, ತೊಡೆ ತಟ್ಟಿ, ನೆಲ ಮುಟ್ಟಿ ಹಣೆಗೊತ್ತಿಕೊಂಡು, ನಾಲ್ಕೂ ದಿಕ್ಕಿಗೆ ಸಲಾಮಿ ಹೊಡೆಯತೊಡಗಿದೆ. ಇಲ್ಲಿ ಎದುರಾಳಿಯನ್ನು ಒತ್ತಿ ಹಿಡಿದು, ರೆಫರಿ ಮೂರು ಎಣಿಸುವ ತನಕ ಕಾಯಬೇಕು ಎಂದು ನನಗೆ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಮೂರನೇ ಸಲಾಮಿಗೆ ಕೆಂಚ ಎದ್ದು ಬಂದು ಹಿಂದಿನಿಂದ ಒದ್ದ. ಬಿದ್ದೆ, ಎಣಿಸಿದರು, ಸೋತೆ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ಒಳಗೆ ಬಂದರೆ ವಸ್ತಾದ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣೊರೆಸಿಕೊಂಡು ಹೇಳಿದ, “ಈ ತಪ್ಪು ಭಾಳ ಚಲೋ ಐತಿ. ತಿದ್ದಬ್ಯಾಡ.” ಆಗ ಗುಟ್ಟನ್ನೂ ಬಿಚ್ಚಿಟ್ಟ. ಅಂದಿನಿಂದ ಅದೇ ನನ್ನ ಆಟವಾಯಿತು. ನಾನು ಮಹಾರಾಜನ ಪೆದ್ದ ಸೇವಕ. ಊರೂರಲ್ಲಿ ಕೆಡವಬೇಕು, ಎದ್ದು ಸಲಾಮಿ ಹೊಡೆಯಬೇಕು, ಒದೆ ತಿನ್ನಬೇಕು. ಒಲ್ಲೆ ಅಂದಾಗಲೆಲ್ಲ, ಈ ಒಂದು ಸೀಸನ್ ತಡಿ, ಶಿಕಾಗೊದಲ್ಲಿ ನಿನಗೆ ಗಂಡಸಿನ ಕುಸ್ತಿ ಕೊಡಿಸ್ತೀನಿ ಅನ್ನುತ್ತಿದ್ದ. ಕುಸ್ತಿ ಬಿಟ್ಟರೆ ನನಗೆ ಬೇರೆ ಹುಚ್ಚಿರಲಿಲ್ಲ. ಹಲ್ಲು ಕಚ್ಚಿಕೊಂಡು ಒದೆ ತಿಂದೆ.

ಅಷ್ಟರಲ್ಲಿ ಊರಿಗೆ ಹೋಗಿ ಮದುವೆ ಮಾಡಿಕೊಂಡು ಬಂದೆ. ಹುಡುಗಿ ನನ್ನ ಗುರುಗಳ ಮಗಳು, ಗರಡಿಯ ಹಿಂದಿನ ಮನೆಯಲ್ಲಿ ಹುಟ್ಟಿ, ಬೆಳಗಾಗುವ ಮೊದಲು ದಂಡ ಬಸ್ಕಿಯ ಸದ್ದು ಕೇಳಿ ಬೆಳೆದವಳು. ಮಾವ ಅವಳ ಕೈಯಲ್ಲಿ ಒಂದು ಹಿಡಿ ಗರಡಿಯ ಮಟ್ಟಿ ಕಟ್ಟಿ ಕಳಿಸಿದ್ದರು. ಮಟ್ಟಿ ಅಂದರೆ ಬರೀ ಮಣ್ಣಲ್ಲ. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿ, ಪೂಜೆ ಮಾಡಿದ ಕೆಮ್ಮಣ್ಣು. ಊಟಕ್ಕೆ ಬಂದ ವಸ್ತಾದ ಅದನ್ನು ಕೇಳಿದ. ಹಿರಿಯ ಪೈಲ್ವಾನರು, ಹಣೆಗೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡು ನನ್ನವಳು ಗಂಟನ್ನೇ ತಟ್ಟೆಯಲ್ಲಿಟ್ಟು, ಕಾಲಿಗೆ ನಮಸ್ಕಾರ ಮಾಡಿ ಕೊಟ್ಟಳು.

ಮುಂದಿನ ವಾರ ಡೆಟ್ರಾಯಿಟ್‌ನಲ್ಲೇ ಪಂದ್ಯ. ಡಾಕ್ಟರು ಕನ್ನಡದವರನ್ನೆಲ್ಲ ಕರೆತಂದಿದ್ದರು. ಹೆಂಗಸರು ರೇಷ್ಮೆ ಸೀರೆಯ ಮೇಲೆ ಚಳಿಗಾಲದ ಕೋಟು ಹಾಕಿಕೊಂಡು ಕೂತಿದ್ದರು. ನಾನು ಎದುರಾಳಿಯನ್ನು ಕೆಡವಿ ಎದ್ದೆ. ವಸ್ತಾದ ಕುಣಿಯುತ್ತ ಬಂದು ಆ ಗಂಟು ಬಿಚ್ಚಿ, ಇಡೀ ರಿಂಗಿಗೆ ಮಟ್ಟಿ ಎರಚಿದ. ಮಹಾರಾಜರ ಪವಿತ್ರ ಧೂಳು ಎಂದು ಮೈಕಿನವನು ಕೂಗಿದ. ನನಗೆ ಸಲಾಮಿ ನೆನಪಾಗಲಿಲ್ಲ. ನಿಂತೇ ಇದ್ದೆ, ಒದೆ ಬಿತ್ತು, ಬಿದ್ದೆ. ಮಾವನ ಮಟ್ಟಿಯ ಮೇಲೆ ಬೂಟುಗಳು ಓಡಾಡಿದವು. ಜನ ಸೀಟಿ ಹೊಡೆದು ನಕ್ಕರು. ನಮ್ಮವರ ಮಕ್ಕಳೂ ನಕ್ಕವು.

ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ನಮ್ಮ ಎಕ್ಸಿಟ್ ಹತ್ತಿರ ಬಂದಾಗ ಮಾತಾಡಿದಳು.

“ನಮ್ಮಪ್ಪ ಇದನ್ನ ನೋಡಿದ್ದಿದ್ರೆ, ನಿಮಗೆ ನನ್ನ ಕೊಡ್ತಿರ್ಲಿಲ್ಲ.”

ಅಷ್ಟೇ. ಅಡಿಗೆ ಮಾಡಿದಳು, ಬಡಿಸಿದಳು, ನಾನು ಆಫೀಸಿಗೆ ಹೊರಟರೆ ಟಿಫಿನ್ ಕಟ್ಟಿದಳು. ಕುಸ್ತಿಯ ಸುದ್ದಿ ಎತ್ತಲಿಲ್ಲ. ನನಗೆ ಆವತ್ತಿನಿಂದ ಇದ್ದದ್ದು ಒಂದೇ ಆಸೆ. ಅವನ ಬೆನ್ನು ನೆಲ ಮುಟ್ಟಿಸಬೇಕು, ನಿಜವಾಗಿ ಮುಟ್ಟಿಸಬೇಕು, ಅವಳು ಅದನ್ನು ನೋಡಬೇಕು. ಬಿಟ್ಟು ಹೋಗುವುದು ಸುಲಭವಿತ್ತು. ಬಿಟ್ಟು ಹೋದರೆ ಅವನ ಬೆನ್ನು ಎಲ್ಲಿ ಸಿಗುತ್ತದೆ? ಹಲ್ಲು ಕಿರಿದುಕೊಂಡು ಇನ್ನೂ ಎರಡು ಚಳಿಗಾಲ ಅವನ ಸೇವಕನಾಗಿ ಉಳಿದೆ. ಅವನ ಸ್ಟೇಷನ್ ವ್ಯಾಗನ್ ಡ್ರೈವ್ ಮಾಡಿದೆ, ಅವನಿಗೆ ಬಾದಾಮಿ ನೆನೆಸಿ ಕೊಟ್ಟೆ, ಬೆನ್ನಿಗೆ ಎಣ್ಣೆ ಹಚ್ಚಿದೆ. ಆ ಬೆನ್ನನ್ನು ಚೆನ್ನಾಗಿ ನೋಡಿಟ್ಟುಕೊಂಡೆ. ಎಡ ಹೆಗಲು ಪೂರ್ತಿ ಮೇಲಕ್ಕೆ ಏಳುತ್ತಿರಲಿಲ್ಲ.

ಕೊನೆಗೆ ಶಿಕಾಗೊದ ಮಾತು ನಡೆಸಿಕೊಟ್ಟ, ಅವನದೇ ವಕ್ರ ರೀತಿಯಲ್ಲಿ. ಶಿಕಾಗೊ ಪಕ್ಕದ ಸಿಸೆರೊದಲ್ಲಿ ದೊಡ್ಡ ಪಂದ್ಯ, ಕಂಪನಿಯವರು ನೋಡಲು ಬರುತ್ತಾರೆ. ಸೇವಕ ಮಹಾರಾಜನ ಮೇಲೆ ತಿರುಗಿ ಬೀಳುತ್ತಾನೆ, ಕೆಡವುತ್ತಾನೆ, ಎದ್ದು ಸಲಾಮಿ ಹೊಡೆಯುತ್ತಾನೆ, ರಾಜದಂಡದ ಪೆಟ್ಟು ತಿಂದು ಸೋಲುತ್ತಾನೆ. ಆಗಲಿ ವಸ್ತಾದರೇ ಅಂದೆ. ಹೆಂಡತಿಗೆ ಎರಡನೇ ಸಾಲಿನಲ್ಲಿ ಸೀಟು ಹಾಕಿಸಿದೆ. ಅವಳು ಬರುವುದಿಲ್ಲ ಅಂದುಕೊಂಡಿದ್ದೆ, ಬಂದಳು.

ಅವನ ಎಡತೋಳು ಸಿಕ್ಕಿತು. ಹೆಗಲ ಮೇಲೆ ಹಾಕಿಕೊಂಡು ಎತ್ತಿ ಕೆಡವಿದೆ. ಅವನು ಅಂಗೈ ಬಡಿದು, ತಾನು ಕಲಿಸಿದ ಹಾಗೇ ಚೊಕ್ಕವಾಗಿ ಬಿದ್ದ. ನಾನು ಏಳಲಿಲ್ಲ. ಎದೆಯ ಮೇಲೆ ಎದೆ ಇಟ್ಟು, ಎಡ ಹೆಗಲನ್ನು ನೆಲಕ್ಕೆ ಜಡಿದು ಹಿಡಿದೆ. ರೆಫರಿ ಒಂದು ಎಣಿಸಿದ. ಕೆಳಗಿನಿಂದ ಪಿಸುಮಾತು ಬಂತು.

“ಏಳೋ. ಸಲಾಮಿ ಹೊಡಿ. ಮಂದಿ ಕಾಯಾಕತ್ತೈತಿ.”

“ಬೆನ್ನು ಮುಟ್ಟಿದೆ ವಸ್ತಾದರೇ” ಅಂದೆ.

ಆಗ ಅವನಿಗೆ ಅರ್ಥವಾಯಿತು. ನಾಟಕ ಬಿಟ್ಟು ನಿಜವಾಗಿ ಕೊಸರಾಡಿದ. ಇಡೀ ಮೈ ಬಿಲ್ಲಾಗಿಸಿ ಎತ್ತಿ ನೋಡಿದ, ಕಾಲು ಝಾಡಿಸಿದ. ನಾನು ಮಾವನನ್ನು ನೆನೆದು ಒತ್ತಿದೆ. ಎರಡು ಎಂದ ರೆಫರಿ, ಮುಂದೇನು ಎಂದು ತಿಳಿಯದೆ ಕೈ ಮೇಲೆತ್ತಿಕೊಂಡೇ ಉಳಿದ. ಹಾಲಿನ ಜನವೇ ಮೂರು ಎಂದು ಕೂಗಿದರು. ರೆಫರಿ ಮೂರನೇ ಸಲ ನೆಲ ತಟ್ಟಲೇಬೇಕಾಯಿತು.

ಆ ಒಂದು ಗಳಿಗೆ ನಾನು ಎಷ್ಟು ಸುಖಪಟ್ಟೆ ಎಂದು ಹೇಳಲಾರೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸಲಾಮಿ ಹೊಡೆಯದೆ ಇಳಿದು ಬಂದೆ. ಆದರೆ ನಾನು ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ, ಅವನು ಪೇಟ ಸರಿಮಾಡಿಕೊಂಡು ನನ್ನ ಹೆಂಡತಿಯ ಪಕ್ಕ ಕೂತು ನಗುತ್ತಿದ್ದ.

“ನಿನ್ನ ಗಂಡಗ ನಾನಽ ಬಿಟ್ಟುಕೊಟ್ಟೆ ನೋಡವಾ ತಂಗೀ. ಮದುವಿ ಉಡುಗೊರೆ ಕೊಟ್ಟಿರಲಿಲ್ಲಲ್ಲ.”

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ಅದೇ ಮಾತನ್ನು ಕಂಪನಿಯವರಿಗೆ ಹೇಳಿದ, ಶೆಡ್ಡಿನ ಹುಡುಗರಿಗೆ ಹೇಳಿದ, ಯುಗಾದಿಯಲ್ಲಿ ಹೋಳಿಗೆ ತಿನ್ನುತ್ತ ಎಲ್ಲರಿಗೂ ಹೇಳಿದ. ನಾನು ಅಲ್ಲವೆಂದರೆ ನಗುತ್ತಿದ್ದರು. ಎಲ್ಲವೂ ಮೊದಲೇ ತೀರ್ಮಾನವಾಗುವ ಕಡೆ ಒಂದು ನಿಜವಾದ ಗೆಲುವನ್ನು ಯಾರಿಗೆ ತೋರಿಸುವುದು? ನನ್ನ ಸೇಡನ್ನೇ ಕದ್ದು ತನ್ನ ದಾನ ಮಾಡಿಕೊಂಡ. ಡಾಕ್ಟರ ಹೆಂಡತಿ ಒಮ್ಮೆ, “ಎಂಥಾ ಗುರುಗಳು ಸಿಕ್ಕಿದಾರೆ ನಿಮಗೆ” ಎಂದಾಗ ಕೈಯಲ್ಲಿದ್ದ ಲೋಟ ಎಸೆಯಬೇಕೆನ್ನಿಸಿತು. ಹೆಂಡತಿ ಏನು ನಂಬಿದಳೋ ತಿಳಿಯಲಿಲ್ಲ. ಅವಳು ಹೇಳಲಿಲ್ಲ, ನನಗೆ ಕೇಳುವ ಧೈರ್ಯ ಬರಲಿಲ್ಲ. ಕುಸ್ತಿ ಬಿಟ್ಟೆ. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ವರ್ಷಗಟ್ಟಲೆ ಒಳಗೊಳಗೇ ಉರಿದೆ.

ಎಪ್ಪತ್ತರ ದಶಕ ಮುಗಿಯುವ ಮೊದಲೇ, ಒಂದು ಜನವರಿಯಲ್ಲಿ, ಎದೆನೋವು ಬಂದು ವಸ್ತಾದ ಹೋದ. ಹೆಂಡತಿ ಮಕ್ಕಳು ಇರಲಿಲ್ಲ. ಡಾಕ್ಟರು ಫೋನ್ ಮಾಡಿ, ಶಿಷ್ಯ ಅಂದರೆ ಮಗ ಇದ್ದ ಹಾಗೆ, ನೀವೇ ಕೊನೇ ಕೆಲಸ ಮಾಡಬೇಕು ಅಂದರು. ಇಲ್ಲಿ ಕೊಳ್ಳಿ ಇಡುವುದೆಂದರೆ ಫ್ಯೂನರಲ್ ಹೋಮಿನಲ್ಲಿ ದಹನದ ಒಲೆಯ ಗುಂಡಿ ಒತ್ತುವುದು. ಒಲ್ಲೆ ಅನ್ನಬೇಕೆಂದಿದ್ದೆ. ಹೆಂಡತಿ ಆಗಲೇ ಕೋಟು ಹಾಕಿಕೊಂಡು ನಿಂತಿದ್ದಳು.

ಕನ್ನಡದವರೆಲ್ಲ ಸೇರಿದ್ದರು, ಅವನ ಜೊತೆ ಆಡಿದ ಒಂದಿಬ್ಬರು ಜಟ್ಟಿಗಳೂ ಬಂದಿದ್ದರು. ಡಾಕ್ಟರು ಎದ್ದು ನಿಂತು, ಶಿಷ್ಯ ಮೇಲೆ ಬರಲಿ ಅಂತ ಬೇಕಂತಲೇ ಸೋತ ಗುರು ಇವರು ಎಂದು ಗದ್ಗದರಾದರು. ಆಮೇಲೆ ನನಗೆ ಎರಡು ಮಾತಾಡಿ ಅಂದರು.

ಪೆಟ್ಟಿಗೆಯ ಪಕ್ಕ ನಿಂತೆ. ಮೀಸೆಯನ್ನು ಯಾರೋ ಒಪ್ಪವಾಗಿ ಬಾಚಿದ್ದರು. ನನ್ನ ಮೈ ಉರಿಯಿತು.

“ಇವ್ರು ಬಿಟ್ಟುಕೊಡ್ಲಿಲ್ಲ” ಅಂದೆ. “ನಾನು ಕೆಡವಿದೆ. ಏಳು ಅಂತ ಕೆಳಗಿಂದ ಕೇಳ್ಕೊಂಡ್ರು, ನಾನು ಏಳ್ಲಿಲ್ಲ. ಇವತ್ತು ಎದ್ದು ಬಂದ್ರೂ ಮತ್ತೆ ಕೆಡವ್ತೀನಿ.”

ಎಲ್ಲರೂ ಮೆಲ್ಲಗೆ ನಕ್ಕರು. ಕಣ್ಣೊರೆಸಿಕೊಂಡು, ಪ್ರೀತಿಯಿಂದ ನಕ್ಕರು. ಗುರುವಿನ ಮೇಲಿನ ಅಕ್ಕರೆಗೆ ಹೀಗೆ ಜಂಬ ಕೊಚ್ಚುತ್ತಿದ್ದಾನೆ ಎಂದು ತಿಳಿದರು. ಡಾಕ್ಟರು ಬಂದು ನನ್ನ ಬೆನ್ನು ಸವರಿದರು.

ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಎದ್ದಳು. ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ.

“ನಗಬೇಡಿ” ಅಂದಳು. “ನಾನು ಪೈಲ್ವಾನರ ಮಗಳು. ಆವತ್ತು ಎರಡನೇ ಸಾಲಲ್ಲಿ ಕೂತು, ವಸ್ತಾದರ ಕಾಲನ್ನೇ ನೋಡ್ತಿದ್ದೆ. ಹಿಮ್ಮಡಿ ನೆಲ ಕೆರೀತಿತ್ತು. ಬಿಟ್ಟುಕೊಡೋರ ಕಾಲು ಸುಮ್ಮನಿರತ್ತೆ. ನಮ್ಮನೆಯವ್ರು ಕೆಡವಿದ್ರು. ಬೆನ್ನು ಮುಟ್ಟಿತ್ತು.”

ಯಾರೂ ನಗಲಿಲ್ಲ. ನಾನು ಹೋಗಿ ಗುಂಡಿ ಒತ್ತಿದೆ.