ಏಳು ಸೆಕೆಂಡಿನ ಮೌನ

ಬೆಳಗಿನ ಐದೂವರೆ. ಶಿಕ್ಷಣ ಇಲಾಖೆಯ ಕಚೇರಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಉಪನಿರ್ದೇಶಕಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಳೇ ರೇಡಿಯೋ ಪಾಠವೊಂದನ್ನು ಕೇಳುತ್ತಿದ್ದಾರೆ. "ಏಳೆಂಟ್ಲ ಎಷ್ಟು, ಮಕ್ಕಳೇ?" ಅಷ್ಟಕ್ಕೇ ನಿಲ್ಲಿಸುತ್ತಾರೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಏಳು ಸೆಕೆಂಡು ಮೌನ ಸೇರಿಸುತ್ತಾರೆ. ಇದನ್ನು ಮಾಡಿ ಅಂತ ಇವರಿಗೆ ಯಾರೂ ಹೇಳಿಲ್ಲ.

ಇಪ್ಪತ್ಮೂರನೇ ವಯಸ್ಸಿಗೆ ಸರ್ಕಾರಿ ರೇಡಿಯೋದಲ್ಲಿ ಉದ್ಘೋಷಕಿಯಾಗಿ ಸೇರಿದವರು ನಿಲಯದ ಮುಖ್ಯಸ್ಥೆಯಾಗುವ ತನಕ ಬೆಳೆದರು. ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದ ಕಾಲ ಅದು. "ಆ ಕೆಂಪು ದೀಪ ಹತ್ತಿತು ಅಂದ್ರೆ ಕೆಮ್ಮು ಬಂದ್ರೂ ನುಂಗ್ಕೋತಿದ್ವಿ. ಎಂಥಾ ದಿನಗಳು ಅವು!" ಎನ್ನುವಾಗ ಮುಖ ಅರಳುತ್ತದೆ. ಪ್ರಸಾರದಲ್ಲಿ ಒಂದು ಕ್ಷಣದ ಮೌನವನ್ನೂ ಸಹಿಸದ ಇವರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು 'ಕತ್ತರಿ ಮೇಡಂ'.

ಶಾಲಾ ಪಾಠಗಳನ್ನು ಬರೆದು ಓದುತ್ತಿದ್ದ ಗಣಿತದ ಮೇಷ್ಟ್ರು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತಿದ್ದರು. ಮೇಡಂ ಆ ಜಾಗವನ್ನೆಲ್ಲ ಕತ್ತರಿಸಿದರು. ಮೇಷ್ಟ್ರು ಎರಡು ಸಲ ಬಂದು ಬೇಡಿಕೊಂಡರು: "ಅಮ್ಮಾ, ಅದು ಮಕ್ಕಳ ಜಾಗ." ಇವರ ಉತ್ತರ ಸಿದ್ಧವಿತ್ತು: "ಸುಮ್ಮನಿದ್ರೆ ರೇಡಿಯೋ ಕೆಟ್ಟಿದೆ ಅಂತ ಜನ ಅದರ ಕಿವಿ ಹಿಂಡಿ ಬೇರೆ ಸ್ಟೇಷನ್ ಹಾಕ್ತಾರೆ, ಸಾರ್." ಮೇಷ್ಟ್ರು ಮೂರನೇ ಸಲ ಬರಲಿಲ್ಲ. ಈಗ ಅವರಿಲ್ಲ.

ಆರು ವರ್ಷದ ಹಿಂದೆ ಶಾಲಾ ಪ್ರಸಾರ ಶಿಕ್ಷಣ ಇಲಾಖೆಗೆ ಹೋಯಿತು, ಅದರ ಜೊತೆ ಇವರೂ. ತಪಾಸಣೆಗೆಂದು ಶಾಲೆಯೊಂದರ ಮೂರನೇ ತರಗತಿಯಲ್ಲಿ ಕೂತ ದಿನ ಕಣ್ಣು ತೆರೆಯಿತು. ರೇಡಿಯೋ ಪ್ರಶ್ನೆ ಕೇಳಿತು, ಮಕ್ಕಳು ಬಾಯಿ ತೆರೆದರು, ಅಷ್ಟರಲ್ಲಿ ರೇಡಿಯೋನೇ ಉತ್ತರ ಹೇಳಿಬಿಟ್ಟಿತು. ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು. "ಅಯ್ಯೋ, ಅವತ್ತು ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಮನೆಗೆ ಬಂದು ಅತ್ತುಬಿಟ್ಟೆ."

ಆಮೇಲೆ ಗಡಿಯಾರ ಹಿಡಿದು ತರಗತಿಗಳಲ್ಲಿ ಕೂತರು. ಮೊದಲ ಬೆಂಚಿಗೆ ಉತ್ತರ ಹೊಳೆಯಲು ಎರಡು ಸೆಕೆಂಡು ಸಾಕು, ಕೊನೆಯ ಬೆಂಚಿಗೆ ಏಳು ಬೇಕು. ಕೊನೆಯ ಬೆಂಚಿನ ಲೆಕ್ಕವನ್ನೇ ಹಿಡಿದರು. ಒಟ್ಟು ಇನ್ನೂರ ನಲವತ್ತು ಪಾಠ. ಅರವತ್ತೊಂಬತ್ತು ಬಾಕಿ ಇವೆ, ನಿವೃತ್ತಿಗೆ ಎಪ್ಪತ್ತು ದಿನ. ಒಂದು ಪಾಠಕ್ಕೆ ಒಂದು ಬೆಳಗು ಪೂರ್ತಿ ಬೇಕು. ಎರಡು ದಿನ ಜ್ವರ ಬಂದು ಮಲಗಿದರೆ ಒಂದು ಪಾಠ ಉಳಿದೇ ಹೋಗುತ್ತದೆ. ಮುಂದೆ ಬರುವವರಿಗೆ ಈ ಹುಚ್ಚು ಇರಬೇಕಲ್ಲ! ಯಜಮಾನರು ಛೇಡಿಸುತ್ತಾರೆ: "ಹರಿದವಳೂ ನೀನೇ, ಹೊಲಿಯೋಳೂ ನೀನೇ." ಹಾಗಂದರೂ ನಾಲ್ಕೂವರೆಗೇ ಎದ್ದು ಕಾಫಿ ಮಾಡಿಕೊಡುವವರೂ ಅವರೇ.

ಹೋದ ವಾರ ತಿದ್ದಿದ ಪಾಠವೊಂದನ್ನು ಅದೇ ಶಾಲೆಯಲ್ಲಿ ಕೇಳಿಸಿದರು. ಪ್ರಶ್ನೆ ಬಂತು: "ಆರೆಂಟ್ಲ ಎಷ್ಟು?" ಐದು ಸೆಕೆಂಡು ಕಳೆಯಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಐವತ್ನಾಲ್ಕು!" ಎಂದು ಕೂಗಿದಳು.

"ತಪ್ಪು ಉತ್ತರ," ಎಂದು ನಗುತ್ತಾರೆ ಮೇಡಂ, ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ತಪ್ಪು ಹೇಳೋಕೂ ಟೈಮ್ ಬೇಕಲ್ವಾ? ಅಷ್ಟು ಟೈಮನ್ನ ನಾನು ಯಾವ ಮಗುವಿಗೂ ಕೊಟ್ಟಿರ್ಲಿಲ್ಲ. ಕೊಟ್ಟು ಹೋಗ್ತೀನಿ."